ಗಾಂಧಿ ಬಜಾರಿನ ದೋಸೆ

ಕಳೆದ ಸಲ ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲಿಗೆ ಶುಕ್ರವಾರ ಹೋಗಿ ಮುಚ್ಚಿದ ಬಾಗಿಲು ನೋಡಿಕೊಂಡು ಬಂದಿದ್ದೆ. ವಾರದ ರಜೆ ಅಂತ ಗೊತ್ತಿದ್ದೂ ಮರೆತಿದ್ದೆ, ತಪ್ಪು ನಂದೇ. ಇವತ್ತು ಬೇಗ ಎದ್ದು ಹೋದರೂ ಹೋಟೆಲಿನ ಮುಂದೆ ಆಗಲೇ ಜನ. ಹೆಸರು ಬರೆಸಿ ಮುಕ್ಕಾಲು ಗಂಟೆ ಕಾದೆ. 1943ರಿಂದ ಇರೋ ಹೋಟೆಲು, ನನ್ನ ಮುಕ್ಕಾಲು ಗಂಟೆ ಯಾವ ಲೆಕ್ಕ!

ಒಳಗೆ ಪಂಚೆ ಉಟ್ಟ ಸಪ್ಲೈಯರ್ ಒಬ್ಬರು ಮೊಣಕೈ ತನಕ ದೋಸೆ ತಟ್ಟೆ ಪೇರಿಸಿಕೊಂಡು ಬಂದರು. ಒಂದೂ ಅಲ್ಲಾಡಲಿಲ್ಲ. ದೋಸೆ ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಮುರಿದರೆ ಬೆರಳಿಗೆಲ್ಲ ಜಿಡ್ಡು. ನೀರು ನೀರಾದ ಚಟ್ನಿಯನ್ನು ಧಾರಾಳವಾಗಿ ಸುರಿದು ಹೋದರು.

'ಅಷ್ಟು ಹೆಸರಿಗೆ ತಕ್ಕ ಹಾಗಿತ್ತಾ?' ಅಂತ ತಂಗಿ ಮೆಸೇಜ್ ಮಾಡಿದ್ದಾಳೆ. ರುಚಿಯಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಪ್ಪ ತಮ್ಮ ಕಾಲೇಜು ದಿನಗಳ ದೋಸೆಯನ್ನು ಮೂವತ್ತು ವರ್ಷದಿಂದ ವರ್ಣಿಸ್ತಾ ಇದ್ದಾರೆ. ಆ ದೋಸೆ ಪ್ರತಿ ಸಲ ಹೇಳುವಾಗಲೂ ಇನ್ನಷ್ಟು ಗರಿಯಾಗುತ್ತೆ. ಅದರ ಜೊತೆ ಯಾವ ಕಾವಲಿ ಪೈಪೋಟಿ ಮಾಡೋಕಾಗುತ್ತೆ, ಅಲ್ವಾ?

ತಂಗಿಗೆ ಇನ್ನೂ ಉತ್ತರ ಬರೆದಿಲ್ಲ. ಎರಡನೇ ದೋಸೆ ಬಂತು.