ಅಥಣಿಯಲ್ಲಿ ಹೊಲಿದ ಕೊಲ್ಹಾಪುರಿ

ನನ್ನ ಬಳಿ ಇರುವ ಚಪ್ಪಲಿ ಜೋಡಿಯನ್ನು ಎಲ್ಲರೂ ಕೊಲ್ಹಾಪುರಿ ಎಂದೇ ಕರೆಯುತ್ತಾರೆ. ಆದರೆ ಅದು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಅಥಣಿಯಲ್ಲಿ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚ್ಯಂಕ, ಅಂದರೆ ಮೂಲ ಪ್ರದೇಶವನ್ನು ಗುರುತಿಸುವ ಜಿಐ ಮಾನ್ಯತೆ, ದೊರೆತಾಗ ಮಹಾರಾಷ್ಟ್ರದ 4 ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಆ ಪಟ್ಟಿಯಲ್ಲಿ ಸೇರಿದವು, ಹೆಸರು ಮಾತ್ರ ಆಚೆಯ ಊರಿನದೇ ಉಳಿಯಿತು.

ಇದರ ಜೀವ ಹದದಲ್ಲಿದೆ. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಜಾಲಿಯ ತೊಗಟೆ ಹಾಗೂ ಅಳಲೆಕಾಯಿಯ ರಸದಲ್ಲಿ ದಿನಗಟ್ಟಲೆ ಇಟ್ಟು ಹದಗೊಳಿಸುವುದರಿಂದ, ಚರ್ಮ ಹದಮಾಡಲು ಬೇರೆಡೆ ಬಳಸುವ ಕ್ರೋಮಿಯಂ ಲವಣಗಳ ಅಗತ್ಯವೇ ಅದಕ್ಕೆ ಬೀಳುವುದಿಲ್ಲ. ಹೊಸದರಲ್ಲಿ ಬಿರುಸಾಗಿದ್ದು ಕಚ್ಚುವ ಅಟ್ಟೆ, ಕೆಲವು ವಾರಗಳಲ್ಲಿ ತೊಟ್ಟವರ ಪಾದದ ಅಚ್ಚನ್ನೇ ತಾಳುತ್ತದೆ. ಸಾಂಪ್ರದಾಯಿಕ ಜೋಡಿನಲ್ಲಿ ಮೊಳೆಯಿಲ್ಲ, ಚರ್ಮದ ಎಳೆಯಿಂದಲೇ ಹೊಲಿಗೆ. ಅಟ್ಟೆ ಕತ್ತರಿಸುವುದು ಹೆಚ್ಚಾಗಿ ಸಮಗಾರ ಕುಟುಂಬಗಳ ಗಂಡಸರ ಕೆಲಸ. ಮೇಲ್ಪಟ್ಟಿಯ ಸಣ್ಣ ಜಡೆ ಹೆಣೆಯುವ ಕೈಗಳು ಬಹುಮಟ್ಟಿಗೆ ಹೆಂಗಸರವು, ಅಂಗಡಿಯಲ್ಲಿ ನಾವು ಮೆಚ್ಚುವುದು ಆ ಜಡೆಯನ್ನೇ.

2025ರ ಜೂನ್‌ನಲ್ಲಿ ಮಿಲಾನಿನಲ್ಲಿ ಇಟಲಿಯ ಫ್ಯಾಷನ್ ಸಂಸ್ಥೆ ಪ್ರಾಡಾದ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿ ಮೂಲದ ಉಲ್ಲೇಖವಿಲ್ಲದೆ ಕಾಣಿಸಿಕೊಂಡಾಗ ಎದ್ದ ಆಕ್ಷೇಪ ನ್ಯಾಯವಾದದ್ದೇ. ಆದರೂ ಅಥಣಿಯ ಹೆಸರನ್ನು ಮರೆತವರಲ್ಲಿ ನಾವೂ ಇದ್ದೇವೆ ಎಂಬುದು ನನಗೆ ಆಗ ಹೊಳೆಯದೆ ಇರಲಿಲ್ಲ.