ಆಯಸ್ಕಾಂತದಿಂದ ಕರೆಂಟ್: ಸುರುಳಿ ಸುತ್ತಿ ಆಯ್ತು, ಚಕ್ರ ಅರ್ಧ ಆಗಿದೆ

ಹೋದ ಸಲ ಬರೆದಾಗ ಪೈಪಿನ ತುಂಡು, ವೈರು ಮಾತ್ರ ಇತ್ತು. ಈಗ ಎಲ್‌ಇಡಿ ಹತ್ತುತ್ತಿದೆ. ಸೆಲ್ ಇಲ್ಲ, ಪ್ಲಗ್ ಇಲ್ಲ. ತಾಮ್ರದ ತಂತಿ, ಆಯಸ್ಕಾಂತ, ಅಷ್ಟೇ.

ಹೊಸದಾಗಿ ಓದುವವರಿಗೆ: ಇದು ಒಂಬತ್ತನೇ ಕ್ಲಾಸಿನ ಅಕ್ಕನ ಮಗಳಿಗಾಗಿ ಶುರು ಮಾಡಿದ್ದು. ಪಕ್ಕದ ಮನೆ ಹುಡುಗನೂ ಈಗ ಸೇರಿಕೊಂಡಿದ್ದಾನೆ. ಶಿರಸಿ ಕಡೆಯ ಮಳೆಗಾಲ ಗೊತ್ತಲ್ಲ. ಕರೆಂಟ್ ಹೋದ ಸಂಜೆಗಳಿಗೆ ಇಲ್ಲಿ ಬರಗಾಲವಿಲ್ಲ, ನಮ್ಮ ಕೆಲಸ ನಡೆಯುವುದೇ ಆಗ.

ಸುರುಳಿಗೆ 20 ಎಂ.ಎಂ. ವೈರಿಂಗ್ ಪೈಪಿನ ತುಂಡು ಸಾಕು. ಒಳಗೆ 15 ಎಂ.ಎಂ. ಅಗಲದ ನಿಯೋಡಿಮಿಯಮ್ ಆಯಸ್ಕಾಂತ ಸಲೀಸಾಗಿ ಓಡಾಡುತ್ತದೆ. ತಂತಿ ಜಾರದಂತೆ ಎರಡೂ ಕಡೆ ಡಬ್ಬಿ ಮುಚ್ಚಳದಿಂದ ಕತ್ತರಿಸಿದ ಬಿಲ್ಲೆ ಅಂಟಿಸಿದ್ದೇವೆ. ತಂತಿ 36 ಗೇಜಿನ ಎನಾಮಲ್ ವೈರ್. ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ತೂಕದ ಮೇಲೆ ಕೊಡುತ್ತಾರೆ. ದಪ್ಪ 0.2 ಎಂ.ಎಂ.ಗಿಂತ ಸ್ವಲ್ಪ ಕಡಿಮೆ, ಜೋರಾಗಿ ಎಳೆದರೆ ಪಟ್ ಅಂತ ತುಂಡಾಗುತ್ತದೆ.

ಮೊದಲು 300 ಸುತ್ತು ಸುತ್ತಿ ನೋಡಿದೆವು. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಅಲುಗಾಡಿತು, ಎಲ್‌ಇಡಿ ಹತ್ತಲಿಲ್ಲ. ಕೆಂಪು ಎಲ್‌ಇಡಿಗೆ ಹತ್ತಿರ ಹತ್ತಿರ 2 ವೋಲ್ಟ್ ಬೇಕು, ಬಿಳಿಯದಕ್ಕೆ 3. ಸುತ್ತು ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚು. ಹಾಗಾಗಿ 1000 ಸುತ್ತು ಅಂತ ತೀರ್ಮಾನವಾಯಿತು. ಎಣಿಸುವವರು ಯಾರು?

ಈ ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ ಜಾಗ. ಹಳೇ ಕ್ಯಾಲ್ಕುಲೇಟರ್ ಬಿಚ್ಚಿ, ‘=’ ಗುಂಡಿಯ ಎರಡು ಬದಿಗೆ ವೈರ್ ಬೆಸುಗೆ ಹಾಕಿದೆವು. ಅದರ ತುದಿಗೆ ರೀಡ್ ಸ್ವಿಚ್. ಗಾಜಿನ ಪುಟ್ಟ ಕೊಳವೆ, ಒಳಗೆ ಕಬ್ಬಿಣ ಬೆರೆತ ಲೋಹದ ಎರಡು ತೆಳು ಪಟ್ಟಿ. ಆಯಸ್ಕಾಂತ ಹತ್ತಿರ ಬಂದರೆ ಎರಡೂ ಅಂಟಿಕೊಳ್ಳುತ್ತವೆ, ದೂರ ಹೋದರೆ ಬಿಡುತ್ತವೆ. ಕೈ ಡ್ರಿಲ್ಲಿನ ಮೂತಿಗೆ ಸುರುಳಿ ಸಿಕ್ಕಿಸಿ, ಪಕ್ಕದಲ್ಲಿ ಸಣ್ಣ ಆಯಸ್ಕಾಂತ ಅಂಟಿಸಿ, 1+1 ಒತ್ತಿ ತಿರುಗಿಸಿದರೆ ಸುತ್ತಿಗೊಂದರಂತೆ ಲೆಕ್ಕ ಏರುತ್ತದೆ. ನಿಧಾನಕ್ಕೆ ತಿರುಗಿಸಬೇಕು, ಅವಸರ ಮಾಡಿದರೆ ಕ್ಯಾಲ್ಕುಲೇಟರ್ ಸುತ್ತು ನುಂಗುತ್ತದೆ. ಹುಡುಗ ಡ್ರಿಲ್ ಬಿಟ್ಟು ಅದರ ಮುಂದೆಯೇ ಕೂತ.

ಸುತ್ತಿದ ಮೇಲೆ ಎರಡೂ ತುದಿಯ ಎನಾಮಲನ್ನು ಬ್ಲೇಡಿನಿಂದ ಕೆರೆಯಲೇಬೇಕು. ಬರಿಗಣ್ಣಿಗೆ ತಾಮ್ರದಂತೆ ಕಂಡರೂ ಮೇಲೆ ಕರೆಂಟ್ ಹಾಯದ ಪದರ ಇರುತ್ತದೆ. ಮೀಟರಿನಲ್ಲಿ ತಂತಿಯ ರೋಧ 45 ಓಮ್ ಆಸುಪಾಸು ತೋರಿಸಿದರೆ ತಂತಿ ಒಳಗೆಲ್ಲೂ ತುಂಡಾಗಿಲ್ಲ ಅಂತ ಅರ್ಥ.

ಸುರುಳಿಗೆ ಕೆಂಪು, ಹಸಿರು ಎರಡು ಎಲ್‌ಇಡಿಗಳನ್ನು ತಲೆಕೆಳಗಾಗಿ ಜೋಡಿಸಿದೆವು. ಒಂದರ ಉದ್ದದ ಕಾಲಿಗೆ ಇನ್ನೊಂದರ ಗಿಡ್ಡ ಕಾಲು. ಎಲ್‌ಇಡಿ ಒಂದೇ ದಿಕ್ಕಿನ ಕರೆಂಟಿಗೆ ಹತ್ತುವುದು. ಆಯಸ್ಕಾಂತವನ್ನು ಪೈಪಿನೊಳಗೆ ಜೋರಾಗಿ ಜಾರಿಸಿದರೆ ಎರಡೂ ಒಟ್ಟಿಗೇ ಮಿಂಚಿದಂತೆ ಕಾಣುತ್ತದೆ. ಫೋನಿನ ಸ್ಲೋ ಮೋಷನ್‌ನಲ್ಲಿ ನೋಡಿ: ಸುರುಳಿಯೊಳಗೆ ಹೋಗುವಾಗ ಕೆಂಪು, ಹೊರಗೆ ಬರುವಾಗ ಹಸಿರು. ಆಯಸ್ಕಾಂತ ತಿರುಗಿಸಿ ಹಾಕಿದರೆ ಮೊದಲು ಹಸಿರು, ಆಮೇಲೆ ಕೆಂಪು.

“ಮಾಮ, ನಡುವೆ ಹಿಡಕೊಂಡ್ರೆ ಯಾಕೆ ಹತ್ತೂದಿಲ್ಲ? ಅಲ್ಲೇ ಅಲ್ವಾ ಜಾಸ್ತಿ ಶಕ್ತಿ ಇರೋದು?”

ಇಡೀ ಪಾಠ ಈ ಪ್ರಶ್ನೆಯಲ್ಲಿದೆ. ಆಯಸ್ಕಾಂತ ಎಷ್ಟೇ ಬಲವಾಗಿರಲಿ, ಸುಮ್ನೆ ಕೂತರೆ ಕರೆಂಟ್ ಇಲ್ಲ. ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾಗುತ್ತಿರಬೇಕು. ಬೇಗ ಬದಲಾದರೆ ಜಾಸ್ತಿ ವೋಲ್ಟ್, ನಿಧಾನವಾದರೆ ಕಡಿಮೆ. ಮೈಕೆಲ್ ಫ್ಯಾರಡೆ 1831ರ ಅಕ್ಟೋಬರ್ 17ರಂದು ಹೀಗೇ ಸುರುಳಿಯೊಳಗೆ ಆಯಸ್ಕಾಂತ ತೂರಿಸಿ ನೋಡಿದ. ಅವನ ಬಳಿ ಎಲ್‌ಇಡಿ ಇರಲಿಲ್ಲ, ಕರೆಂಟ್ ತೋರಿಸುವ ಮಾಪಕದ ಮುಳ್ಳು ಅಲುಗುವುದನ್ನು ನೋಡಬೇಕಿತ್ತು.

ಇದರ ಉಲ್ಟಾ ಪ್ರಯೋಗವನ್ನು ಮುಂಚೆಯೇ ಮಾಡಿ ಮುಗಿಸಿದ್ದೆವು: ದಿಕ್ಸೂಚಿಯ ಮೇಲೆ ಮುಳ್ಳಿಗೆ ಸಮವಾಗಿ ವೈರ್ ಹಿಡಿದು, 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸುವುದು. ಮುಳ್ಳು ಒಂದು ಕಡೆ ವಾಲುತ್ತದೆ. 1820ರಲ್ಲಿ ವಿಜ್ಞಾನಿ ಅರ್ಸ್ಟೆಡ್ ಕಂಡದ್ದು ಅದೇ. ವೈರನ್ನು ಕೆಳಗೆ ಹಿಡಿದರೆ ಮುಳ್ಳು ಇನ್ನೊಂದು ಕಡೆ ವಾಲುತ್ತದೆ. ಜಾಸ್ತಿ ಹೊತ್ತು ಹಿಡಿದರೆ ವೈರ್ ಬಿಸಿಯಾಗುತ್ತದೆ. ಗೋಡೆಯ 230 ವೋಲ್ಟಿಗೆ ಇದ್ಯಾವುದನ್ನೂ ಮುಟ್ಟಿಸುವ ಮಾತೇ ಇಲ್ಲ. ಸಣ್ಣ ಮಕ್ಕಳಿರುವ ಮನೆಯಲ್ಲಿ ಈ ಆಯಸ್ಕಾಂತಗಳನ್ನು ಎತ್ತಿಡಿ, ನುಂಗಿದರೆ ಕರುಳಿಗೆ ಅಪಾಯ.

ಈಗ ಚಕ್ರ, ಆಯಸ್ಕಾಂತವನ್ನು ಕೈಯಲ್ಲಿ ಜಾರಿಸುವ ಬದಲು ಸುರುಳಿಯ ಮುಂದೆ ತಿರುಗಿಸುವುದಕ್ಕೆ. ಪ್ಲೈವುಡ್ ಬಿಲ್ಲೆಯ ಅಂಚಿನಲ್ಲಿ ಎಂಟು ಆಯಸ್ಕಾಂತ, ಒಂದು ಉತ್ತರ, ಪಕ್ಕದ್ದು ದಕ್ಷಿಣ, ಹೀಗೆ. ಎದುರುಬದುರಾಗಿ ಎರಡು ಸುರುಳಿ. ಒಂದೇ ರೀತಿ ಜೋಡಿಸಿದರೆ ವೋಲ್ಟೇಜ್ ಕೂಡುತ್ತದೆ. ಒಂದರ ತುದಿಗಳನ್ನು ಬೇಕಂತಲೇ ಅದಲುಬದಲು ಮಾಡಿಸಿದೆ. ಮೀಟರ್ ಸೊನ್ನೆಯ ಹತ್ತಿರ ನಿಂತಿತು.

ಇನ್ನೊಂದು ತಮಾಷೆ: ಚಕ್ರ ತಿರುಗಿಸಿ ಬಿಟ್ಟು, ಸುರುಳಿಯ ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿದರೆ ಬೇಗ ನಿಲ್ಲುತ್ತದೆ. ಹುಟ್ಟಿದ ಕರೆಂಟ್ ತನ್ನನ್ನು ಹುಟ್ಟಿಸಿದ ಚಲನೆಗೇ ಅಡ್ಡ ಬರುತ್ತದೆ. 1834ರಲ್ಲಿ ವಿಜ್ಞಾನಿ ಲೆನ್ಜ್ ಹೇಳಿದ ನಿಯಮ ಇದು. ಕರೆಂಟ್ ಪುಕ್ಕಟೆ ಸಿಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅಲ್ಯೂಮಿನಿಯಂ ಕರ್ಟನ್ ಪೈಪಿನಲ್ಲಿ ಆಯಸ್ಕಾಂತ ಬೀಳಿಸಿದರೂ ಇದೇ ಕಥೆ, ತೇಲಿಕೊಂಡು ಇಳಿಯುತ್ತದೆ.

ಎಂಟು ಆಯಸ್ಕಾಂತ ಅಂದರೆ ಒಂದು ಸುತ್ತಿಗೆ ನಾಲ್ಕು ಆವರ್ತ, ಅಂದರೆ ಕರೆಂಟ್ ನಾಲ್ಕು ಸಲ ಹೋಗಿ ಬರುತ್ತದೆ. ಮನೆಯ ಕರೆಂಟಿನಂತೆ ಸೆಕೆಂಡಿಗೆ 50 ಆಗಬೇಕಾದರೆ ನಿಮಿಷಕ್ಕೆ 750 ಸುತ್ತು. ಎರಡೇ ಧ್ರುವ ಇದ್ದರೆ 3000. ನಿಧಾನಕ್ಕೆ ತಿರುಗುವ ನೀರಿನ ಟರ್ಬೈನುಗಳ ಜನರೇಟರಿಗೆ ಧ್ರುವ ಜಾಸ್ತಿ ಇರುವುದು ಇದಕ್ಕೇ. ಕಾಳಿ ನದಿಯ ಕದ್ರಾದಲ್ಲಿ 50 ಮೆಗಾವಾಟಿನ ಮೂರು ಘಟಕ ತಿರುಗಿಸುವುದು ನೀರು. ಕೈಗಾ ಅಣುಸ್ಥಾವರದಲ್ಲಿ 220 ಮೆಗಾವಾಟಿನ ನಾಲ್ಕನ್ನು ತಿರುಗಿಸುವುದು ಹಬೆ, ಆ ಹಬೆಗೆ ಬಿಸಿ ಕೊಡುವುದು ಯುರೇನಿಯಂ. ಅಣುಸ್ಥಾವರ ಅಂದರೆ ಅಣುವಿನಿಂದ ನೇರ ಕರೆಂಟ್ ಬರುತ್ತದೆ ಅಂದುಕೊಂಡಿದ್ದಳು ಅಕ್ಕನ ಮಗಳು. ಕೊನೆಗೆ ಅಲ್ಲೂ ಆಯಸ್ಕಾಂತ ತಿರುಗಬೇಕು ಅಂತ ಗೊತ್ತಾದಾಗ ಅವಳಿಗೆ ಸ್ವಲ್ಪ ನಿರಾಸೆಯೇ ಆಯಿತು.

ಬಾಕಿ ಇರುವುದು: ಚಕ್ರದ ಅಕ್ಷಕ್ಕೆ ಬೇರಿಂಗ್ ಕೂಡಿಸುವುದು, ಇನ್ನೆರಡು ಸುರುಳಿ ಸುತ್ತುವುದು, ಡಯೋಡ್ ಹಾಕಿ ಎಸಿಯನ್ನು (ದಿಕ್ಕು ಬದಲಿಸುವ ಕರೆಂಟ್) ಡಿಸಿ (ಒಂದೇ ದಿಕ್ಕಿನದು) ಮಾಡುವುದು. ಆಮೇಲೆ ತೋಟದ ಮೇಲಿನಿಂದ ದಬ್ಬೆಯಲ್ಲಿ (ಸೀಳಿದ ಅಡಿಕೆ ಮರದ ಕಾಲುವೆ) ಬರುವ ಅಬ್ಬಿ ನೀರಿನ ಕೆಳಗೆ ಇಡುವ ಯೋಚನೆ. ಅದಕ್ಕೆ ಸೌಟಿನಂಥ ರೆಕ್ಕೆ ಯಾವುದರಲ್ಲಿ ಮಾಡುವುದು ಅಂತ ಇನ್ನೂ ಜಗಳ ನಡೆದಿದೆ. ನಾನು ಪಿವಿಸಿ ಅಂದೆ, ಹುಡುಗ ತೆಂಗಿನ ಚಿಪ್ಪು ಅಂತಾನೆ. ಎರಡನ್ನೂ ಮಾಡಿ ಮೀಟರ್ ಹಿಡಿಯುತ್ತೇವೆ.