ಹಳೆಯ ಜಿಪ್ಸಿಗೆ ಮೊದಲು ಬೇಕಾದದ್ದು

20 ಅಕ್ಟೋಬರ್ 2024, ಭಾನುವಾರ
ಶಿರಸಿ

ಬೆಳಗಿನಿಂದ ಮಳೆ ಹಿಡಿದುಕೊಂಡದ್ದರಿಂದ ಮಿಸ್ತ್ರಿಯವರನ್ನು ಮನೆಗೇ ಕರೆಸಿ, ನಾವು ಹಳೆಯದಾಗಿ ಕೊಂಡ ಮಾರುತಿ ಜಿಪ್ಸಿಯನ್ನು ಅಂಗಳದಲ್ಲಿ ಜಾಕಿನಿಂದ ಎತ್ತಿ ದಿಮ್ಮಿಗಳ ಮೇಲೆ ನಿಲ್ಲಿಸಿ, ಹಿಂದಿನ ಆಕ್ಸಲ್ಲಿನ (ಎರಡು ಗಾಲಿಗಳ ನಡುವಿನ ಅಡ್ಡದಂಡದ) ಗಿಯರ್ ಆಯಿಲ್ ಬಸಿದೆವು. ಕೆಳಗಿನ ಬೋಲ್ಟನ್ನು ಸಡಿಲಿಸಿದಾಗ ಮೊದಲು ತೊಟ್ಟಿಕ್ಕಿದ್ದು ಎಣ್ಣೆಯಲ್ಲ, ನೀರು. ಅದರ ಬೆನ್ನಿಗೇ ಹಾಲು ಬೆರೆಸಿದ ಕಾಫಿಯ ಬಣ್ಣದ ದ್ರವ ನಿಧಾನವಾಗಿ ಇಳಿಯತೊಡಗಿತು. ಮಿಸ್ತ್ರಿಯವರು ಅದನ್ನು ಎರಡು ಬೆರಳುಗಳ ನಡುವೆ ಉಜ್ಜಿ ನೋಡಿ, "ಇದು ನೀರು ಕುಡಿದದ್ದು ತಮ್ಮಾ. ಹಿಂದಿನವರು ಹೊಳೆಗೆ ಇಳಿಸಿದ್ದಾರೆ, ಆಮೇಲೆ ಬಿಚ್ಚಿ ನೋಡಲೇ ಇಲ್ಲ" ಎಂದರು. ಪುಣ್ಯಕ್ಕೆ ಬೆರಳಿಗೆ ಕಬ್ಬಿಣದ ಪುಡಿ ತಾಗಲಿಲ್ಲ, ಗಿಯರುಗಳ ಹಲ್ಲುಗಳೂ ನುಣುಪಾಗಿಯೇ ಇದ್ದವು.

ಇದು ಹೇಗೆ ಆಗುತ್ತದೆ ಎಂಬುದನ್ನು ಆಫ್‌ರೋಡ್ (ರಸ್ತೆಯಿಲ್ಲದ ಕಡೆ ಗಾಡಿ ಓಡಿಸುವುದು) ಕಲಿಯಲು ಹೊರಟವರೆಲ್ಲರೂ ತಿಳಿದಿರಬೇಕು. ಗಾಡಿ ಓಡುವಾಗ ಆಕ್ಸಲ್ಲಿನ ಒಳಗಿನ ಎಣ್ಣೆಯೂ ಗಾಳಿಯೂ ಬಿಸಿಯಾಗುತ್ತವೆ, ಹಿಗ್ಗಿದ ಗಾಳಿ ಹೊರಹೋಗಲೆಂದು ಆಕ್ಸಲ್ಲಿನ ಮೇಲೆ ಒಂದು ಸಣ್ಣ ಉಸಿರುದಾರಿ ಇರುತ್ತದೆ, ಅದಕ್ಕೆ ಬ್ರೀದರ್ ಎನ್ನುತ್ತಾರೆ. ಬಿಸಿಯಾದ ಆಕ್ಸಲ್ ತಣ್ಣನೆಯ ಹಳ್ಳದ ನೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಬ್ರೀದರಿನಿಂದಲೋ ಸವೆದ ಆಯಿಲ್ ಸೀಲಿನಿಂದಲೋ ನೀರನ್ನು ಒಳಗೆಳೆದುಕೊಳ್ಳುತ್ತದೆ. ನಮ್ಮ ಗಾಡಿಯಲ್ಲಿ ಬ್ರೀದರಿನ ರಬ್ಬರ್ ಪೈಪು ಬಿರುಕುಬಿಟ್ಟು ಆಕ್ಸಲ್ಲಿನ ಪಕ್ಕದಲ್ಲೇ ತುಂಡಾಗಿತ್ತು. ಹಳೆಯ ಪೈಪನ್ನು ಕಿತ್ತು, ಪೆಟ್ರೋಲ್ ಪೈಪಿನ ಹೊಸ ತುಂಡನ್ನು ಕ್ಲಾಂಪು ಹಾಕಿ ಬಿಗಿದು, ಚಾಸಿಯ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ) ಗುಂಟ ಒಯ್ದು, ಬಾನೆಟ್ಟಿನ ಒಳಗೆ ಎತ್ತರದಲ್ಲಿ ಬಾಯಿ ಕೆಳಮುಖವಾಗಿರುವಂತೆ ಕಟ್ಟಿದೆವು. ಮುಂದಿನ ಆಕ್ಸಲ್ಲಿಗೂ ಹಾಗೆಯೇ ಮಾಡಿದ್ದಾಯಿತು. ಪೈಪು, ಕ್ಲಾಂಪು, ಹೊಸ ಗಿಯರ್ ಆಯಿಲ್ ಎಲ್ಲ ಸೇರಿದರೂ ಒಂದು ಎಲ್‌ಇಡಿ ದೀಪದ ಪಟ್ಟಿಯ ಬೆಲೆಯಾಗಲಿಲ್ಲ.

ಈ ಗಾಡಿಯ ಬಗ್ಗೆ ನನಗಿರುವ ಅಭಿಪ್ರಾಯವನ್ನು ಇಲ್ಲಿಯೇ ಬರೆದಿಡುತ್ತೇನೆ. ಹಳೆಯ ಎಸ್‌ಯುವಿಯನ್ನು ಕಡಿಮೆ ದುಡ್ಡಿನಲ್ಲಿ ಆಫ್‌ರೋಡಿಗೆ ಸಜ್ಜುಗೊಳಿಸುವುದೆಂದರೆ, ಮೊದಲು ಅದನ್ನು ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಆ ಸ್ಥಿತಿಗೆ ತರುವುದು. ಆಮೇಲೆ ಉಳಿದ ಹಣವನ್ನು ನೆಲಕ್ಕೆ ತಾಗುವ ಟಯರಿಗೂ, ಹೂತುಹೋದಾಗ ಹೊರಗೆಳೆಯುವ ಸಾಮಾನಿಗೂ ಹಾಕುವುದು. ಗಾಡಿಯನ್ನು ಎತ್ತರಿಸುವುದು, ಮುಂದೆ ದಪ್ಪ ಬಂಪರ್ ಕಟ್ಟುವುದು, ಮೇಲೆ ದೀಪಗಳ ಸಾಲು ಹಚ್ಚುವುದು ಕಲಿಯುವವನಿಗೆ ಬೇಕಾಗಿಲ್ಲ. ಜಿಪ್ಸಿಯಂತಹ ಗಾಡಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. 1985ರಲ್ಲಿ ನಮ್ಮ ದೇಶದಲ್ಲಿ ತಯಾರಾಗತೊಡಗಿದ ಈ ಮಾದರಿ ಸೈನ್ಯದಲ್ಲಿ, ಪೊಲೀಸ್ ಇಲಾಖೆಯಲ್ಲಿ, ಅರಣ್ಯ ಇಲಾಖೆಯಲ್ಲಿ ದುಡಿದಿದೆ. ಏಣಿಯಾಕಾರದ ಚಾಸಿ, ನಾಲ್ಕೂ ಕಡೆ ಪ್ಲೇಟ್ ಸ್ಪ್ರಿಂಗು, ಹಿಂದೆ ಮುಂದೆ ಗಟ್ಟಿ ಆಕ್ಸಲ್, ಎಂಜಿನ್ನಿನ ಬಲವನ್ನು ಎರಡೂ ಆಕ್ಸಲ್ಲಿಗೆ ಹಂಚುವ, ಲೋ ಗಿಯರ್ ಇರುವ ಟ್ರಾನ್ಸ್‌ಫರ್ ಕೇಸ್, ಸುಮಾರು ಒಂದು ಟನ್ನಿನಷ್ಟು ಹಗುರವಾದ ಮೈ, ಇವೆಲ್ಲವೂ ಅದಕ್ಕೆ ಹುಟ್ಟಿನಿಂದಲೇ ಬಂದಿವೆ. ತೋಟಕ್ಕೆ ಸುಣ್ಣ, ಮೈಲುತುತ್ತದ ಡ್ರಮ್ಮು ಒಯ್ಯಲು, ಕೊನೆ (ಅಡಿಕೆಗೊಂಚಲು) ಕೊಯ್ಲಿನ ಕಾಲದಲ್ಲಿ ಅಡಿಕೆ ತರಲು ನಮಗೆ ಇಂತಹದೇ ಗಾಡಿ ಬೇಕಿತ್ತು, ಅದರ ಜೊತೆಗೆ ಓಡಿಸುವುದನ್ನು ಸರಿಯಾಗಿ ಕಲಿಯುವ ಆಸೆಯೂ ಇತ್ತು.

ನಮ್ಮದು 2008ರ ಮಾದರಿ, ಕೆಎ-30 ನಂಬರು, ಅಂದರೆ ಕಾರವಾರದ ಕಡೆಯದು. ಕರಾವಳಿಯಲ್ಲಿದ್ದ ಗಾಡಿಯನ್ನು ಕೊಳ್ಳುವವರು ಎಂಜಿನ್ನಿನ ಸದ್ದು ಕೇಳುವ ಮೊದಲು ಕೆಳಗೆ ನುಸುಳಿ ಚಾಸಿಯನ್ನು ನೋಡಬೇಕು. ಉಪ್ಪುಗಾಳಿ ಎಂಜಿನ್ನಿಗೆ ಮಾಡುವ ಹಾನಿಗಿಂತ ಚಾಸಿಯ ಪೆಟ್ಟಿಗೆಯೊಳಗೆ, ಬಾಡಿಯನ್ನು ಚಾಸಿಗೆ ಕೂರಿಸುವ ಬುಷ್ಷುಗಳ ಸುತ್ತ, ಕಾಲಡಿಯ ತಗಡಿನ ಅಂಚಿನಲ್ಲಿ ಮಾಡುವ ಹಾನಿ ದೊಡ್ಡದು. ಒಂದು ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋದರೆ ಗಟ್ಟಿ ಲೋಹದ ಟಣ್ ಎನ್ನುವ ಸದ್ದಿನ ನಡುವೆ ಪೊಳ್ಳು ಸದ್ದು ಎಲ್ಲಿ ಬರುತ್ತದೆಯೋ ಅಲ್ಲಿ ತುಕ್ಕು ಒಳಗಿನಿಂದ ತಿಂದಿದೆ ಎಂದರ್ಥ. ನಮ್ಮ ಗಾಡಿಯಲ್ಲಿ ಚಾಲಕನ ಕಾಲಡಿಯ ತಗಡು ಹೋಗಿತ್ತು, ಚಾಸಿ ಉಳಿದಿತ್ತು. ತಗಡು ಕತ್ತರಿಸಿ ಹೊಸದನ್ನು ಬೆಸುಗೆ ಹಾಕಿಸಿ, ತುಕ್ಕು ಉಜ್ಜಿಸಿ, ಕೆಳಗೆಲ್ಲ ರೆಡ್ ಆಕ್ಸೈಡ್ ಬಳಿಸಿ ಮೇಲೆ ಕಪ್ಪು ಲೇಪ ಕೊಡಿಸಿದ್ದಕ್ಕೆ ಇಡೀ ಖರ್ಚಿನ ದೊಡ್ಡ ಪಾಲು ಹೋಯಿತು, ಆದರೆ ಅದರ ಬಗ್ಗೆ ನನಗೆ ಬೇಸರವಿಲ್ಲ.

ಸ್ಪ್ರಿಂಗಿನ ವಿಷಯದಲ್ಲಿ ಮಾಡಿದ್ದು ಇಷ್ಟೇ: ಪ್ಲೇಟುಗಳನ್ನು ಬಿಚ್ಚಿ, ತುಕ್ಕು ತೆಗೆದು, ಗ್ರೀಸು ಹಚ್ಚಿ, ಎಲ್ಲ ಬುಷ್ಷುಗಳನ್ನೂ ಹೊಸದು ಹಾಕಿ, ಹಿಂದಿನ ಶಾಕ್ ಅಬ್ಸಾರ್ಬರುಗಳನ್ನು ಬದಲಾಯಿಸಿದೆವು. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಎಂಬ ಕೊಂಡಿಯನ್ನು ಉದ್ದನೆಯದು ಹಾಕಿ ಎರಡು ಇಂಚು ಎತ್ತರಿಸೋಣವೆಂದು ಕೆಲವರು ಸಲಹೆ ಕೊಟ್ಟರು. ಶ್ಯಾಕಲ್ಲನ್ನು ಎರಡು ಇಂಚು ಉದ್ದಮಾಡಿದರೆ ಗಾಡಿ ಮೇಲೇಳುವುದು ಅದರ ಅರ್ಧದಷ್ಟು ಮಾತ್ರ. ಮುಂದಿನ ಆಕ್ಸಲ್ಲು ತುಸು ತಿರುಗಿ ಅದರ ಓರೆ ಬದಲಾಗುವುದರಿಂದ ಸ್ಟೀರಿಂಗು ನೇರಕ್ಕೆ ತಾನಾಗಿ ಮರಳುವ ಗುಣ ಕುಗ್ಗುತ್ತದೆ. ಮೊದಲೇ ಹಳೆಯ ಜಿಪ್ಸಿಗಳಲ್ಲಿ ಮುಂಗಾಲಿ ಎಡಬಲಕ್ಕೆ ತಿರುಗುವ ಕೀಲಿನ ಕಿಂಗ್‌ಪಿನ್ ಬೇರಿಂಗು ಸವೆದಾಗ ಮುಂಗಾಲಿಗಳು ತರತರ ನಡುಗುತ್ತವೆ, ಅದರ ಮೇಲೆ ಇದನ್ನೂ ಸೇರಿಸಿದರೆ ಕುಮಟಾ ರಸ್ತೆಯ ದೇವಿಮನೆ ಘಟ್ಟ ಇಳಿಯುವಾಗ ಎದೆ ಹೊಡೆದುಕೊಳ್ಳುತ್ತದೆ. ಹಾಗಾಗಿ ಆ ದುಡ್ಡಿನಲ್ಲಿ ಕಿಂಗ್‌ಪಿನ್ ಬೇರಿಂಗುಗಳನ್ನೂ ಮುಂಗಾಲಿಯ ಕೀಲಿನ ಗುಂಡನ್ನು ಒರಸುವ ಫೆಲ್ಟ್ ಸೀಲುಗಳನ್ನೂ ಹೊಸದು ಹಾಕಿಸಿದೆ.

ಟಯರಿನ ಬಗ್ಗೆ ತುಂಬ ಲೆಕ್ಕ ಹಾಕಿದೆ. ಜಿಪ್ಸಿಗೆ ಕಂಪನಿ ಕೊಟ್ಟ ಅಳತೆ 205/70 ಆರ್15, ಬೊಲೆರೊದ್ದು 215/75 ಆರ್15. ಬೊಲೆರೊ ಅಳತೆಯದು ಎಲ್ಲ ಊರಿನ ಅಂಗಡಿಯಲ್ಲೂ ಸಿಗುತ್ತದೆಯಾದ್ದರಿಂದ ಹೆಚ್ಚಿನವರು ಅದನ್ನೇ ಹಾಕಿಕೊಳ್ಳುತ್ತಾರೆ. ಮೊದಲನೆಯದರ ವ್ಯಾಸ ಸುಮಾರು 668 ಮಿಲಿಮೀಟರ್, ಎರಡನೆಯದರದು ಸುಮಾರು 703. ಅಂದರೆ ಆಕ್ಸಲ್ಲು ಮೇಲೇಳುವುದು ವ್ಯತ್ಯಾಸದ ಅರ್ಧ, 18 ಮಿಲಿಮೀಟರಿನಷ್ಟು. ಅಷ್ಟು ಲಾಭಕ್ಕೆ ತೆರಬೇಕಾದ ಬೆಲೆ ಶೇ. 5ರಷ್ಟು ಗಿಯರಿನ ಬಲ. ಮೀಟರು 60 ತೋರಿಸುವಾಗ ಗಾಡಿ 63ರಲ್ಲಿ ಓಡುತ್ತಿರುತ್ತದೆ ಎಂಬುದು ಸಣ್ಣ ಮಾತು, 1.3 ಲೀಟರಿನ ಪೆಟ್ರೋಲ್ ಎಂಜಿನ್ನು ಕಡಿದಾದ ಏರಿನಲ್ಲಿ ಉಸಿರು ಕಟ್ಟುವುದು ದೊಡ್ಡ ಮಾತು. ಕಂಪನಿಯ ಅಳತೆಯಲ್ಲಿಯೇ ಆಲ್ ಟೆರೇನ್ (ಎಲ್ಲ ಬಗೆಯ ನೆಲಕ್ಕೆ ಹೊಂದುವ) ಮಾದರಿಯ ಹಲ್ಲುಗಳಿರುವ ಟಯರನ್ನು ತರಿಸಿಕೊಂಡೆ. ಪೂರ್ತಿ ಕೆಸರಿನ ಟಯರು ಡಾಂಬರಿನ ಮೇಲೆ ಗುಂಯ್ಗುಡುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕು ಹಿಡಿಯುವುದೂ ಕಡಿಮೆ. ನಮ್ಮ ಓಡಾಟದ ಬಹುಪಾಲು ಒದ್ದೆ ಡಾಂಬರಿನ ಮೇಲೆಯೇ ಇರುವುದರಿಂದ ಅದು ನಮಗೆ ತಕ್ಕುದಲ್ಲ.

ಕಾನೂನು ಸಹ ಇದೇ ದಾರಿಯನ್ನು ತೋರಿಸುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ, ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಮುಂದಿನ ಕಬ್ಬಿಣದ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ತಿಳಿಸಿತ್ತು. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಲು ತಪಾಸಣೆಗೆ ನಿಲ್ಲಿಸಲೇಬೇಕು, ಆಗ ಬಿಚ್ಚಿ ತೆಗೆಯಬೇಕಾದದ್ದನ್ನು ಈಗ ದುಡ್ಡು ಕೊಟ್ಟು ಹಾಕಿಸುವುದರಲ್ಲಿ ಅರ್ಥವಿಲ್ಲ.

ಇನ್ನು ಎಳೆಯುವ ಸಾಮಾನು. ಇದರಲ್ಲಿ ಮಾತ್ರ ಅಗ್ಗದ್ದನ್ನು ಕೊಳ್ಳಬಾರದು. ಮುಕ್ಕಾಲು ಇಂಚಿನ, 4.75 ಟನ್ ಎಂದು ಮೈಮೇಲೆ ಅಚ್ಚೊತ್ತಿದ ಬೋ ಶ್ಯಾಕಲ್ (ಹಗ್ಗ ಸಿಕ್ಕಿಸುವ ಬಿಲ್ಲಿನಾಕಾರದ ಕೊಂಡಿ) ಎರಡು, ಒಂದು ನೈಲಾನಿನ ಹಿಗ್ಗುವ ಹಗ್ಗ, ಒಂದು ಗುದ್ದಲಿ, ಜಾಕಿನ ಕೆಳಗಿಡಲು ಅಗಲವಾದ ಹಲಗೆ, ದಪ್ಪ ಕೈಗವಸು, ಟಯರಿನ ಗಾಳಿ ನೋಡುವ ಗೇಜು, ಬ್ಯಾಟರಿಗೆ ಸಿಕ್ಕಿಸುವ ಪಂಪು, ಇವು ನಮ್ಮಲ್ಲಿರುವವು. ಹಗ್ಗವನ್ನು ಚಾಸಿಗೆ ಬೋಲ್ಟು ಮಾಡಿದ ಹುಕ್ಕಿಗೇ ಕಟ್ಟಬೇಕು, ಟ್ರೇಲರ್ ಎಳೆಯುವ ಉಂಡೆಗೆ ಎಂದಿಗೂ ಕಟ್ಟಬಾರದು. ಬಿಗಿದ ಹಗ್ಗದಿಂದ ಆ ಉಂಡೆ ಕಿತ್ತುಬಂದು ಜನ ಸತ್ತದ್ದಿದೆ. ಎಳೆಯುವಾಗ ಹಗ್ಗದ ನೇರದಲ್ಲಿ ಯಾರನ್ನೂ ನಿಲ್ಲಗೊಡಬಾರದು, ಅದರ ನಡುವಿಗೆ ಒಂದು ಒದ್ದೆ ಗೋಣಿಚೀಲ ಹಾಕಿದ್ದರೆ ತುಂಡಾದರೂ ಚಿಮ್ಮುವ ಬಲ ತಗ್ಗುತ್ತದೆ. ಇದಕ್ಕೂ ಮೊದಲು ಗುದ್ದಲಿ: ಗಾಲಿಯ ಮುಂದಿನ ಮಣ್ಣನ್ನು ಇಳಿಜಾರಾಗಿ ಕೆದಕಿ ಹಾಕಿದರೆ ಹಗ್ಗದ ಅಗತ್ಯವೇ ಬೀಳದೆ ಹೋಗುವುದು ಬಹಳ ಸಲ.

ಮಧ್ಯಾಹ್ನ ಊಟವಾದ ಮೇಲೆ ಮಳೆ ಬಿಟ್ಟಿತು. ಬಾವನನ್ನು ಕರೆದುಕೊಂಡು, ಮನೆಯಿಂದ ತೋಟಕ್ಕೆ ಇಳಿಯುವ ನಮ್ಮ ಮಾಲ್ಕಿ ಜಾಗದ ದಾರಿಯಲ್ಲಿ ಹೋದೆವು. ಅದು ಚಿರೆಕಲ್ಲಿನ ಇಳಿಜಾರು, ಮೇಲೆ ಹಾವಸೆ, ಅದರ ಮೇಲೆ ಒದ್ದೆ ದರಕು (ತರಗೆಲೆ). ನಡುವೆ ಮಳೆನೀರು ಓರೆಯಾಗಿ ಕೊರೆದ ಒಂದು ಚರಂಡಿಯೂ ಇದೆ. ಅಂಗಳದಲ್ಲಿಯೇ ಗಾಳಿಯನ್ನು 28 ಪಿಎಸ್‌ಐನಿಂದ 18ಕ್ಕೆ ಇಳಿಸಿದೆ. ಗಾಳಿ ತಗ್ಗಿದಾಗ ಟಯರು ಅಗಲವಾಗುವುದಕ್ಕಿಂತ ಹೆಚ್ಚಾಗಿ ಉದ್ದಕ್ಕೆ ನೆಲ ಹಿಡಿಯುತ್ತದೆ, ಚೂಪು ಕಲ್ಲನ್ನು ಎದುರಿಸುವ ಬದಲು ಅದರ ಮೇಲೆ ಮಡಚಿಕೊಳ್ಳುತ್ತದೆ. ಮುಂಗಾಲಿಗಳನ್ನು ಆಕ್ಸಲ್ಲಿಗೆ ಬೆಸೆಯುವ ಹಬ್ಬುಗಳನ್ನು ಕೈಯಿಂದ ಲಾಕಿಗೆ ತಿರುಗಿಸಿ, ಲೋ ಹಾಕಿ, ಒಂದನೇ ಗಿಯರಿನಲ್ಲಿ ಕ್ಲಚ್ಚಿನಿಂದ ಕಾಲು ತೆಗೆದು, ಬ್ರೇಕು ಮುಟ್ಟದೆ ಎಂಜಿನ್ನಿನ ಹಿಡಿತದಲ್ಲಿಯೇ ಇಳಿಯಲು ಬಿಟ್ಟೆ.

ಚರಂಡಿಯ ಹತ್ತಿರ ಬಾವ ಮುಂದೆ ನಿಂತು ಕೈಸನ್ನೆ ಮಾಡುತ್ತ, "ಎಡಕ್ಕೆ ತಗೋ, ಸಾಕು, ಇನ್ನು ನೇರ ಬಾ" ಎಂದ. ಎಡ ಮುಂಗಾಲಿ ತಗ್ಗಿಗೆ ಇಳಿದಾಗ ಅದೂ ಬಲ ಹಿಂಗಾಲಿಯೂ ಒಟ್ಟಿಗೆ ಭಾರ ಕಳೆದುಕೊಂಡವು. ಆಕ್ಸಲ್ಲಿನ ಎರಡು ಗಾಲಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲಿಗೆ ಲಾಕು ಇಲ್ಲದ ಗಾಡಿಯಲ್ಲಿ ಎಂಜಿನ್ನಿನ ಸುತ್ತೆಲ್ಲ ಸುಲಭವಾಗಿ ತಿರುಗುವ ಗಾಲಿಗೇ ಹೋಗುವುದರಿಂದ, ಆ ಎರಡೂ ಗಾಲಿಗಳು ಗಾಳಿಯಲ್ಲಿ ಸುತ್ತುತ್ತ, ನೆಲದಲ್ಲಿದ್ದ ಎರಡು ಸುಮ್ಮನೆ ನಿಂತವು. ಆಕ್ಸಲರೇಟರನ್ನು ಹಾಗೆಯೇ ಹಿಡಿದು ಎಡಗಾಲಿನಿಂದ ಬ್ರೇಕನ್ನು ಮೆಲ್ಲಗೆ ಒತ್ತಿದೆ. ಸುತ್ತುತ್ತಿದ್ದ ಗಾಲಿಗಳಿಗೆ ತಡೆ ಬಿದ್ದ ಕೂಡಲೇ ಉಳಿದೆರಡು ಗಾಲಿಗಳಿಗೆ ಬಲ ಹೋಯಿತು, ಗಾಡಿ ಒಂದು ಸಲ ತೊನೆದು ಚರಂಡಿಯಿಂದ ಮೇಲೆ ಬಂತು. ಡಿಫರೆನ್ಷಿಯಲ್ಲಿನ ಲಾಕಿಗೆಂದು ಹಣ ಕೂಡಿಡುವ ಮೊದಲು ಇದನ್ನು ಕಲಿಯಬೇಕು. ತೋಟದ ಅಂಚಿನ ಹಳ್ಳದಲ್ಲಿ ಇಳಿಯುವ ಮೊದಲು ಬಾವ ಕೋಲು ಹಿಡಿದು ನಡೆದು ನೋಡಿದ, ನೀರು ಗಾಲಿಯ ನಡುಮಟ್ಟಕ್ಕಿಂತ ಕೆಳಗೇ ಇತ್ತು. ಅಷ್ಟೇ ನಮ್ಮ ಮಿತಿ. ಏರ್ ಫಿಲ್ಟರಿನಿಂದ ಸಿಲಿಂಡರಿಗೆ ನೀರು ನುಗ್ಗಿದರೆ ಅದನ್ನು ಅದುಮಲಾಗದೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಹಿಂತಿರುಗಿ ಬಂದು ಡಾಂಬರಿಗೆ ಹತ್ತುವ ಮೊದಲು ಫೋರ್ ವೀಲ್ ತೆಗೆದೆ. ಗಟ್ಟಿ ರಸ್ತೆಯ ತಿರುವಿನಲ್ಲಿ ಮುಂದಿನ ಹಿಂದಿನ ಗಾಲಿಗಳು ಬೇರೆ ಬೇರೆ ದೂರ ಓಡಬೇಕಾಗುವುದರಿಂದ, ಅದು ಹಾಕಿಯೇ ಇದ್ದರೆ ಟ್ರಾನ್ಸ್‌ಫರ್ ಕೇಸು ಬಿಗಿದುಕೊಳ್ಳುತ್ತದೆ.

ಬಾವನಿಗೆ ಈಗಲೇ ಕಾಡಿನ ದಾರಿಗೆ ಹೋಗುವ ಆತುರ. ನಾನು ಒಪ್ಪುವುದಿಲ್ಲ. ನಮ್ಮ ಜಿಲ್ಲೆಯ ಹೆಚ್ಚಿನ ನೆಲ ಅರಣ್ಯ, ಸೊಪ್ಪಿನ ಬೆಟ್ಟವೂ ಸೊಪ್ಪು ತರಗೆಲೆಗೆಂದು ಬಿಟ್ಟುಕೊಟ್ಟ ಜಾಗವೇ ಹೊರತು ಗಾಡಿ ಹಾರಿಸಲು ಕೊಟ್ಟದ್ದಲ್ಲ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ, ಸಿದ್ದಾಪುರ ಹೊನ್ನಾವರದ ಕಡೆಯ ಸಿಂಗಳೀಕಗಳ ಕಾಡಿನಲ್ಲಿ ದಾರಿ ಬಿಟ್ಟು ಗಾಡಿ ನುಗ್ಗಿಸುವುದು ಕಾನೂನಿನ ಪ್ರಕಾರ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಮಳೆಗಾಲದಲ್ಲಿ ಒಂದು ಗಾಲಿ ಕೊರೆದ ಜಾಡಿನಲ್ಲಿ ನೀರು ಹರಿದು ಮುಂದಿನ ಮಳೆಗಾಲಕ್ಕೆ ಅದೇ ಹಳ್ಳವಾಗುತ್ತದೆ. ಕಡಲ ತೀರದ ಮರಳೂ ಬೇಡ. ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆಗಳು ಕಾರವಾರ, ಹೊನ್ನಾವರದ ದಂಡೆಗಳಿಗೆ ಬಂದು ಮೊಟ್ಟೆಯಿಡುತ್ತವೆ, ಮರಳಿನಡಿಯ ಆ ಗೂಡು ಚಾಲಕನ ಕಣ್ಣಿಗೆ ಬೀಳುವುದಿಲ್ಲ. ಅಭ್ಯಾಸಕ್ಕೆ ನಮ್ಮ ತೋಟದ ದಾರಿಯೇ ಸಾಕಷ್ಟಿದೆ. ಅದು ಸಾಲದಾದರೆ ಪಕ್ಕದೂರಿನ ಪರಿಚಯದವರ ಹಳೆಯ ಚಿರೆಕಲ್ಲು ಕ್ವಾರಿ ಇದೆ, ಕೇಳಿಕೊಂಡು ಹೋಗಬಹುದು.

ಸಂಜೆ ಪಂಪಿನಿಂದ ಗಾಳಿ ತುಂಬಿ, ಕೆಳಗೆಲ್ಲ ನೀರು ಹಾಯಿಸಿ ಕೆಸರು ತೊಳೆದೆ. ಮಿಸ್ತ್ರಿಯವರು ಹೇಳಿದಂತೆ ಇನ್ನೊಂದೆರಡು ವಾರ ಓಡಿಸಿ ಆಕ್ಸಲ್ಲಿನ ಎಣ್ಣೆಯನ್ನು ಮತ್ತೊಮ್ಮೆ ಬದಲಿಸಬೇಕು, ಯಾಕೆಂದರೆ ಮೂಲೆಗಳಲ್ಲಿ ಉಳಿದ ನೀರು ಒಂದೇ ಸಲಕ್ಕೆ ಹೋಗುವುದಿಲ್ಲ. ಆಗ ಹಿಂದಿನ ಗಾಲಿಗಳ ಆಯಿಲ್ ಸೀಲನ್ನೂ ಬದಲಿಸಲು ತಿಳಿಸಿದ್ದೇನೆ, ಸೀಲು ಹುಬ್ಬಳ್ಳಿಯಿಂದ ಬರಬೇಕು. ಬೆಂಕಿ ಆರಿಸುವ ಒಂದು ಸಣ್ಣ ಸಿಲಿಂಡರು ಬಾಕಿಯಿದೆ. ಪೆಟ್ರೋಲ್ ಗಾಡಿಯಾದ್ದರಿಂದ ಕೊನೆ ಕೊಯ್ಲು ಶುರುವಾಗುವ ಮೊದಲೇ ಅದನ್ನು ತಂದು ಚಾಲಕನ ಸೀಟಿನ ಪಕ್ಕ ಕೈಗೆಟುಕುವಂತೆ ಬಿಗಿಯಬೇಕು.